ನನಗೆ ಅಳು, ಹುಡುಗರಿಗೆ ನಗು: ಹಳೆ ಹಾಲಿವುಡ್ ಪ್ರೇಮಕಥೆಗಳಲ್ಲಿ ಅಂಥದ್ದೇನಿದೆ?

ಪ್ರಶ್ನೆ: ನಾನು ಬ್ಯಾಂಕ್ ಕೆಲಸದಿಂದ ನಿವೃತ್ತಳಾಗಿ ಮೈಸೂರಿನಲ್ಲಿದ್ದೇನೆ. ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಪ್ಲಾಜಾ, ರೆಕ್ಸ್ ಟಾಕೀಸುಗಳಲ್ಲಿ ಹಳೆ ಇಂಗ್ಲಿಷ್ ಸಿನಿಮಾಗಳ ಮಾರ್ನಿಂಗ್ ಶೋ ನೋಡುತ್ತಿದ್ದವಳು. ಈಗ ನಮ್ಮ ಲೇಔಟಿನ ಸಂಘದ ಹಾಲ್‌ನಲ್ಲಿ ತಿಂಗಳಿಗೊಂದು ಭಾನುವಾರ ಸಿನಿಮಾ ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೋದ ತಿಂಗಳು ‘ಕಾಸಾಬ್ಲಾಂಕಾ’ ಹಾಕಿದೆ. ನಮ್ಮ ವಯಸ್ಸಿನವರು ಕಣ್ಣೊರೆಸಿಕೊಳ್ಳುತ್ತಿದ್ದರೆ ಹಿಂದಿನ ಸಾಲಿನ ಕಾಲೇಜು ಹುಡುಗರು ಮುತ್ತಿನ ದೃಶ್ಯಕ್ಕೆ, ಆ ಮ್ಯೂಸಿಕ್ಕಿಗೆ ಕಿಸಕ್ಕನೆ ನಕ್ಕರು. ಮನೆಗೆ ಬಂದ ಮೇಲೆ ಸೊಸೆ, “ಅತ್ತೆ, ಇದೆಲ್ಲ ಅಳಿಸೋಕೆ ಅಂತಾನೇ ಮಾಡಿದ ಗಿಮಿಕ್ಕು. ಆ ನಟರ ಬದುಕು ನೋಡಿದ್ರೆ ಎಲ್ಲಾ ಸುಳ್ಳೇ. ಜೊತೆಗೆ ಕಪ್ಪು ಜನರನ್ನ ಹೇಗೆ ತೋರಿಸಿದ್ದಾರೆ ನೋಡಿ” ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಾನು ಮೆಚ್ಚುತ್ತಿರುವುದು ಸಿನಿಮಾವನ್ನೋ, ನನ್ನ ಹಳೆಯ ದಿನಗಳನ್ನೋ? ಇಂಥವನ್ನು ಇನ್ನೂ ತೋರಿಸಬಹುದಾ? ತೋರಿಸುವುದಾದರೆ ಯಾವುದನ್ನು, ಹೇಗೆ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಚಿಂತೆ ಮಾತ್ರ ಒಂದೇ. ಇಷ್ಟು ವರ್ಷ ಮನಸಾರೆ ಮೆಚ್ಚಿದ್ದನ್ನು ಚಿಕ್ಕವರ ಒಂದು ನಗು ಅಲ್ಲಾಡಿಸಿಬಿಟ್ಟಿದೆ. ನಾನು ಸಿನಿಮಾ ರಸಗ್ರಹಣ ಪಾಠ ಮಾಡುವವನು. ಆ ನಗು ನನಗೆ ಚೆನ್ನಾಗಿ ಪರಿಚಯ. ಪ್ರತಿ ಹೊಸ ಬ್ಯಾಚಿನಲ್ಲೂ ಅದು ಬರುತ್ತದೆ, ಹೆಚ್ಚುಕಮ್ಮಿ ಅದೇ ಜಾಗಗಳಲ್ಲಿ ಬರುತ್ತದೆ. ಅದನ್ನು ಅವಮಾನ ಅಂದುಕೊಳ್ಳಬೇಡಿ. ಅದಕ್ಕೆ ಕಾರಣಗಳಿವೆ, ಕೆಲವನ್ನು ರಿಮೋಟಿನಲ್ಲೇ ಸರಿಮಾಡಬಹುದು.

ಮೊದಲು ಹಳೆಯ ದಿನಗಳ ಮೋಹದ ಮಾತು. ‘ಕಾಸಾಬ್ಲಾಂಕಾ’ ನ್ಯೂಯಾರ್ಕಿನಲ್ಲಿ ಮೊದಲು ತೆರೆಕಂಡಿದ್ದು 1942ರ ನವೆಂಬರ್‌ನಲ್ಲಿ. ನೀವು ಪ್ಲಾಜಾದಲ್ಲಿ ನೋಡುವ ಹೊತ್ತಿಗೇ ಅದು ನಿಮಗಿಂತ ಹಳೆಯದು. ಅಂದರೆ ಅದು ನಿಮ್ಮ ಕಾಲದ ಸಿನಿಮಾ ಆಗಿರಲೇ ಇಲ್ಲ. ಇನ್ನೊಂದು ವಿಷಯ ಸೊಸೆಗೆ ಹೇಳಿ. ಈ ಸಿನಿಮಾಕ್ಕೆ ಎರಡನೇ ಜನ್ಮ ಕೊಟ್ಟವರು ಕಾಲೇಜು ಹುಡುಗರೇ. 1957ರಲ್ಲಿ ಅಮೆರಿಕದ ಕೇಂಬ್ರಿಡ್ಜ್ ಊರಿನ ಬ್ರ್ಯಾಟಲ್ ಥಿಯೇಟರ್ ಹಳೆ ಚಿತ್ರಗಳ ಸಾಲಿನಲ್ಲಿ ಇದನ್ನೂ ಹಾಕಿತು. ಪಕ್ಕದ ಹಾರ್ವರ್ಡ್ ವಿದ್ಯಾರ್ಥಿಗಳು ಮುಗಿಬಿದ್ದರು. ಆಮೇಲೆ ಪರೀಕ್ಷೆಯ ವಾರದಲ್ಲಿ ‘ಕಾಸಾಬ್ಲಾಂಕಾ’ ನೋಡುವುದು ಅಲ್ಲಿ ಒಂದು ಪದ್ಧತಿಯೇ ಆಯಿತು. ಸಿನಿಮಾ ಬಂದಾಗ ಅವರಲ್ಲಿ ಬಹಳ ಜನ ಚಡ್ಡಿ ಹಾಕುವ ವಯಸ್ಸಿನವರು. ಅವರಿಗೆಲ್ಲಿಂದ ಬರಬೇಕು ನಾಸ್ಟಾಲ್ಜಿಯಾ?

ಇನ್ನು ನಗು. ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ: ನಿಮ್ಮ ಹಾಲ್‌ನ ಟಿವಿಯಲ್ಲಿ ನಾಯಕ ರಿಕ್ ಆಗಿರುವ ಬೋಗಾರ್ಟ್ ಸ್ವಲ್ಪ ದಪ್ಪಗೆ ಕಾಣಿಸಿದರಾ? ಆ ಕಾಲದ ಚಿತ್ರಗಳ ಚೌಕಟ್ಟು ಹೆಚ್ಚುಕಮ್ಮಿ ಚೌಕ. ಇವತ್ತಿನ ಅಗಲ ಟಿವಿ ಅದನ್ನು ಎರಡೂ ಕಡೆ ಎಳೆದು ತುಂಬಿಸುತ್ತದೆ. ಇಲ್ಲವೇ ಜೂಮ್ ಮಾಡಿ ತಲೆ, ಗಲ್ಲ ಕತ್ತರಿಸುತ್ತದೆ. ಇಡೀ ಸಿನಿಮಾ ನಿಂತಿರುವುದೇ ಮುಖಗಳ ಮೇಲೆ. ಆ ಮುಖವೇ ರೊಟ್ಟಿಯಂತಾದರೆ ಯಾರಿಗಾದರೂ ನಗು ಬರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಮೂಲ ಅಳತೆಗೆ ಇಡಿ, ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ. ಹಾಗೇ ಚಲನೆಯನ್ನು ನುಣುಪು ಮಾಡುವ ಆಯ್ಕೆಯೊಂದು ಇರುತ್ತದೆ, ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿರುತ್ತದೆ. ಅದನ್ನು ಆಫ್ ಮಾಡಿ. ಅದು ಆನ್ ಇದ್ದರೆ ಎಂಥ ಸಿನಿಮಾವೂ ಸಂಜೆಯ ಸೀರಿಯಲ್ ಥರ ಕಾಣುತ್ತದೆ. 1980ರ ದಶಕದಲ್ಲಿ ‘ಕಾಸಾಬ್ಲಾಂಕಾ’ಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ಬಳಿದ ಪ್ರತಿಯೊಂದು ಬಂತು. ಅದು ಕೈಗೆ ಸಿಕ್ಕರೂ ಹಾಕಬೇಡಿ. ಇಂಗ್ಲಿಷ್ ಸಬ್‌ಟೈಟಲ್ ಇರಲಿ. ಆ ಕಾಲದ ನಟರು ವೇಗವಾಗಿ, ಒಂಥರಾ ನಾಟಕದ ಉಚ್ಚಾರಣೆಯಲ್ಲಿ ಮಾತಾಡುತ್ತಾರೆ. ಮಾತು ತಪ್ಪಿಹೋದವರೇ ಮೊದಲು ನಗುವುದು.

ಇದೆಲ್ಲ ಸರಿಮಾಡಿದ ಮೇಲೂ ಒಂದಿಷ್ಟು ನಗು ಉಳಿಯುತ್ತದೆ. ಅದರ ಕಾರಣ ಬೇರೆ, ನಿಮ್ಮ ಪ್ರಶ್ನೆಯ ತಿರುಳೂ ಅಲ್ಲೇ ಇದೆ. ಈ ಸಿನಿಮಾಗಳು ಪ್ರೇಮದ ಬಗ್ಗೆ ಅಂತ ನಾವು ಹೇಳುತ್ತೇವೆ. ನಿಜವಾಗಿ ಅವು ಅಡ್ಡಿಯ ಬಗ್ಗೆ. ಇಬ್ಬರು ಪ್ರೀತಿಸುತ್ತಾರೆ, ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ದೊಡ್ಡ ಬೆಲೆ ತೆರಬೇಕು. ಆ ಬೆಲೆ ಎಷ್ಟು ಅಂತ ಗೊತ್ತಿದ್ದವರಿಗೆ ಕಣ್ಣು ತುಂಬುತ್ತದೆ. ಗೊತ್ತಿಲ್ಲದವರಿಗೆ, “ಇಷ್ಟಕ್ಕೆ ಇಷ್ಟೊಂದು ಮ್ಯೂಸಿಕ್ಕಾ?” ಅನ್ನಿಸುತ್ತದೆ. ನಿಮ್ಮ ಹಿಂದಿನ ಸಾಲಿನ ಹುಡುಗರ ರಸಿಕತೆಯಲ್ಲಿ ದೋಷವಿಲ್ಲ. ಅವರಿಗೆ ಆ ಅಡ್ಡಿ ಕಾಣಲಿಲ್ಲ ಅಷ್ಟೇ.

ಅಡ್ಡಿ ಎರಡು ಬಗೆಯದು. ಕಥೆಯೊಳಗಿನದು ಒಂದು: ಮದುವೆ, ಅಂತಸ್ತು, ಯುದ್ಧ, ಮೈಬಣ್ಣ. ಇನ್ನೊಂದು ಕಥೆಯ ಹೊರಗಿನದು. ಹಾಲಿವುಡ್ ಸ್ಟುಡಿಯೋಗಳು 1930ರಲ್ಲಿ ತಮ್ಮ ಮೇಲೆ ತಾವೇ ಒಂದು ನೀತಿಸಂಹಿತೆ ಹೇರಿಕೊಂಡವು. 1934ರಿಂದ ಜೋಸೆಫ್ ಬ್ರೀನ್ ಎಂಬಾತನ ಕಚೇರಿ ಅದನ್ನು ಬಿಗಿಯಾಗಿ ಜಾರಿಗೆ ತಂದಿತು. 1968ರವರೆಗೆ ಅದು ಉಳಿದಿತ್ತು. ಮದುವೆಯ ಆಚೆಗಿನ ಸಂಬಂಧ ಆಕರ್ಷಕವಾಗಿ ಕಾಣಬಾರದು, ತಪ್ಪು ಮಾಡಿದವರು ಸುಖವಾಗಿ ಇದ್ದುಬಿಡಬಾರದು, ಅತಿಯಾದ ಕಾಮುಕ ಚುಂಬನ ಕೂಡದು, ಹೀಗೆ ನಿಯಮಗಳು. ಮುತ್ತು ಮೂರೇ ಸೆಕೆಂಡ್ ಇರಬೇಕು ಅಂತ ಅದರಲ್ಲಿ ಬರೆದಿತ್ತು ಅನ್ನುವುದು ಜನಜನಿತ ಕಥೆ. ಸಂಹಿತೆಯ ಬರಹದಲ್ಲಿ ಸೆಕೆಂಡಿನ ಲೆಕ್ಕ ಇಲ್ಲ. ಆದರೆ ಉದ್ದನೆಯ ಮುತ್ತು ಕಂಡರೆ ಕತ್ತರಿ ಬೀಳುವ ಭಯ ಎಲ್ಲರಿಗೂ ಇತ್ತು. 1946ರ ‘ನಟೋರಿಯಸ್’ನಲ್ಲಿ ನಿರ್ದೇಶಕ ಹಿಚ್‌ಕಾಕ್ ಮಾಡಿದ ಕಿತಾಪತಿ ನೋಡಿ. ಇಂಗ್ರಿಡ್ ಬರ್ಗ್‌ಮನ್, ಕ್ಯಾರಿ ಗ್ರಾಂಟ್ ಮುತ್ತಿಡುತ್ತಾರೆ, ಬಿಡುತ್ತಾರೆ, ಅಡುಗೆಯ ಮಾತಾಡುತ್ತಾರೆ, ಮತ್ತೆ ಮುತ್ತಿಡುತ್ತಾರೆ. ಒಬ್ಬರಿಗೊಬ್ಬರು ಅಂಟಿಕೊಂಡೇ ಬಾಲ್ಕನಿಯಿಂದ ಫೋನಿನವರೆಗೆ ನಡೆಯುತ್ತಾರೆ. ಯಾವ ಮುತ್ತೂ ಉದ್ದವಲ್ಲ, ದೃಶ್ಯ ಮಾತ್ರ ಎರಡೂವರೆ ನಿಮಿಷ. ಬಿಡದೆ ಮುತ್ತಿಟ್ಟಿದ್ದರೆ ಇದರ ಅರ್ಧದಷ್ಟು ಬಿಸಿಯೂ ಇರುತ್ತಿರಲಿಲ್ಲ.

‘ಕಾಸಾಬ್ಲಾಂಕಾ’ದಲ್ಲೂ ಇದೇ ಕಥೆ. ಕೊನೆ ಹೇಗೆ ಅಂತ ಶೂಟಿಂಗ್ ಮುಗಿಯುವವರೆಗೂ ಯಾರಿಗೂ ಗೊತ್ತಿರಲಿಲ್ಲ, ನಾಯಕಿ ಇಲ್ಸಾ ಗಂಡ, ಹಳೆಯ ಪ್ರೇಮಿ ರಿಕ್, ಇಬ್ಬರಲ್ಲಿ ಯಾರ ಜೊತೆ ಬೇಕಾದರೂ ಹೋಗಬಹುದಿತ್ತು ಅಂತ ನೀವೂ ಕೇಳಿರುತ್ತೀರಿ. ಅರ್ಧ ನಿಜ. ಸ್ಕ್ರಿಪ್ಟ್ ಪೂರ್ತಿ ಆಗದೆಯೇ ಚಿತ್ರೀಕರಣ ನಡೆದದ್ದು ಹೌದು. ತಾನು ಇಬ್ಬರಲ್ಲಿ ಯಾರನ್ನು ಪ್ರೀತಿಸಬೇಕು ಅಂತ ಇಲ್ಸಾ ಪಾತ್ರದ ಬರ್ಗ್‌ಮನ್ ಕೇಳಿದ್ದೂ ಹೌದು. ಆದರೆ ಆಕೆ ಗಂಡನನ್ನು ಬಿಟ್ಟು ರಿಕ್ ಜೊತೆ ಉಳಿಯುವ ಅಂತ್ಯಕ್ಕೆ ಬ್ರೀನ್ ಕಚೇರಿ ಒಪ್ಪುವ ಮಾತೇ ಇರಲಿಲ್ಲ. ಚಿತ್ರಕ್ಕೆ ಮೂಲವಾದ, ರಂಗಕ್ಕೇರದ ನಾಟಕದಲ್ಲೂ ನಾಯಕ ಆಕೆಯನ್ನು ಕಳಿಸಿಯೇ ಕೊಡುತ್ತಾನೆ. ಬರಹಗಾರರು ತಲೆಕೆಡಿಸಿಕೊಂಡದ್ದು ಹೆಚ್ಚಾಗಿ ಅವಳನ್ನು ಹೇಗೆ ಕಳಿಸುವುದು, ಅವಳು ಯಾಕೆ ಒಪ್ಪುತ್ತಾಳೆ ಅನ್ನುವುದಕ್ಕೆ. ಆ ‘ಹೇಗೆ’ಯ ಒದ್ದಾಟದಿಂದಲೇ ವಿಮಾನ ನಿಲ್ದಾಣದ ದೃಶ್ಯ ಹುಟ್ಟಿತು. (ಅಲ್ಲಿ ಹಿಂದೆ ಕಾಣುವ ವಿಮಾನ ರಟ್ಟಿನದು, ಅಳತೆಯಲ್ಲಿ ಚಿಕ್ಕದು. ಅದು ಬಯಲಾಗಬಾರದು ಅಂತ ಅಷ್ಟೊಂದು ಮಂಜು. ಹುಡುಗರಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.)

ಬಾಯಿ ಕಟ್ಟಿದಾಗ ಭಾವ ಎಲ್ಲಿಗೆ ಹೋಗಬೇಕು? ಬೆಳಕಿಗೆ, ಸಂಗೀತಕ್ಕೆ, ಬಣ್ಣಕ್ಕೆ, ಮುಖಕ್ಕೆ ಹೋಯಿತು. ಹೋಟೆಲಿನಲ್ಲಿ ಇಲ್ಸಾ ಪಿಯಾನೋದ ಸ್ಯಾಮ್‌ಗೆ ಹಳೆಯ ಹಾಡು ನುಡಿಸು ಅನ್ನುತ್ತಾಳಲ್ಲ, ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಸ್ಯಾಮ್ ಹಾಡಲು ಶುರು ಮಾಡಿದ ಮೇಲೆ ಕ್ಯಾಮೆರಾ ಅವಳ ಮುಖಕ್ಕೆ ಬಂದು ನಿಂತುಬಿಡುತ್ತದೆ. ಅವಳು ಏನೂ ಮಾಡುವುದಿಲ್ಲ. ಅಳುವುದಿಲ್ಲ, ನಿಟ್ಟುಸಿರಿಲ್ಲ. ಕಣ್ಣು ಎಲ್ಲೋ ದೂರದಲ್ಲಿ, ಕಣ್ಣಲ್ಲಿ ಎರಡು ಬೆಳಕಿನ ಚುಕ್ಕಿ. ಆ ಚುಕ್ಕಿಗಳು ಅಲ್ಲಿ ತಾವಾಗಿ ಬಂದಿಲ್ಲ. ಛಾಯಾಗ್ರಾಹಕ ಆರ್ಥರ್ ಎಡಿಸನ್ ಅದಕ್ಕೆಂದೇ ಪುಟ್ಟ ದೀಪ ಇಟ್ಟಿದ್ದಾರೆ. ಲೆನ್ಸಿನ ಮುಂದೆ ತೆಳುಬಟ್ಟೆಯಂಥ ಫಿಲ್ಟರ್ ಹಾಕಿ ಮುಖವನ್ನು ಮೃದು ಮಾಡಿದ್ದಾರೆ. ಆಕೆಗೆ ತನ್ನ ಮುಖದ ಎಡಭಾಗ ಇಷ್ಟ, ಹಾಗಾಗಿ ಹೆಚ್ಚಿನ ಶಾಟ್‌ಗಳು ಎಡದಿಂದಲೇ. ಇನ್ನು ಸ್ಯಾಮ್ ಪಾತ್ರದ ಡೂಲಿ ವಿಲ್ಸನ್ ನಿಜದಲ್ಲಿ ಡ್ರಮ್ ಬಾರಿಸುವವರು, ಪಿಯಾನೋ ಬರುತ್ತಿರಲಿಲ್ಲ. ಹಾಡಿದ್ದು ಅವರೇ, ನುಡಿಸಿದ್ದು ಬೇರೆಯವರು.

ಆ ಹಾಡೇ ಉಳಿಯುತ್ತಿರಲಿಲ್ಲ, ಗೊತ್ತಾ? ಅದು 1931ರ ಹಳೆ ಹಾಡು. ಸಂಗೀತ ನಿರ್ದೇಶಕ ಮ್ಯಾಕ್ಸ್ ಸ್ಟೈನರ್‌ಗೆ ಹಿಡಿಸಲಿಲ್ಲ, ತಾವೇ ಹೊಸದು ಬರೆಯುತ್ತೇನೆ ಅಂದರು. ಬರೆದರೆ ದೃಶ್ಯಗಳನ್ನು ಮತ್ತೆ ತೆಗೆಯಬೇಕು. ಅಷ್ಟರಲ್ಲಿ ಬರ್ಗ್‌ಮನ್ ಮುಂದಿನ ಚಿತ್ರಕ್ಕಾಗಿ ಕೂದಲು ಕತ್ತರಿಸಿಕೊಂಡಾಗಿತ್ತು. ಒಲ್ಲದ ಮನಸ್ಸಿನಿಂದ ಅದೇ ಹಾಡನ್ನು ಹಿಡಿದ ಸ್ಟೈನರ್, ಅದನ್ನೇ ಎಳೆಯಾಗಿ ಇಟ್ಟುಕೊಂಡು ಇಡೀ ಚಿತ್ರದ ಹಿನ್ನೆಲೆ ಸಂಗೀತ ನೇಯ್ದರು. ಸಂತೋಷದಲ್ಲಿ ಒಂಥರಾ, ವಿದಾಯದಲ್ಲಿ ಇನ್ನೊಂಥರಾ. ನಿಮ್ಮ ಹುಡುಗರು ನಕ್ಕ ‘ಜೋರು ಮ್ಯೂಸಿಕ್ಕು’ ಇದೇ. ರಿಕ್ ಬಾಯಲ್ಲಿ ಹೇಳದ್ದನ್ನು ಅದು ಹೇಳುತ್ತಿದೆ.

ಹಾಗಾದರೆ ಸೊಸೆ ಹೇಳಿದ ‘ಗಿಮಿಕ್ಕು’? ಒಂದು ಮಟ್ಟಿಗೆ ಅವರ ಮಾತು ನಿಜ, ಒಪ್ಪಿಕೊಂಡುಬಿಡಿ. ದೀಪ ಎಲ್ಲಿಡಬೇಕು, ಪಿಟೀಲು ಯಾವಾಗ ಏಳಬೇಕು, ಎಲ್ಲಾ ಲೆಕ್ಕ ಹಾಕಿಯೇ ಮಾಡಿದ್ದು. ಪುಟ್ಟಣ್ಣನವರ ‘ಶರಪಂಜರ’ ಲೆಕ್ಕವಿಲ್ಲದೆ ಆಗಿತ್ತೇ? ಲೆಕ್ಕ ಹಾಕಿದ್ದರಿಂದ ಸುಳ್ಳಾಗುವುದಿಲ್ಲ. ‘ಕಾಸಾಬ್ಲಾಂಕಾ’ದಲ್ಲಿ ಜರ್ಮನ್ ಅಧಿಕಾರಿಗಳ ಹಾಡನ್ನು ಮುಳುಗಿಸಿ ಜನರೆಲ್ಲ ಎದ್ದುನಿಂತು ಫ್ರಾನ್ಸಿನ ರಾಷ್ಟ್ರಗೀತೆ ಹಾಡುತ್ತಾರೆ. ಕಣ್ಣೀರು ಸುರಿಸುತ್ತಾ ಹಾಡುವ ಹುಡುಗಿ ಮಾಡ್ಲೆನ್ ಲಬೋ. 1940ರಲ್ಲಿ ನಾಜಿಗಳು ನುಗ್ಗಿದಾಗ ಆಕೆ ನಿಜಕ್ಕೂ ಫ್ರಾನ್ಸ್ ಬಿಟ್ಟು ಓಡಿಬಂದವಳು. ಆ ಸೆಟ್ಟಿನಲ್ಲಿದ್ದ ಅನೇಕರು ಹಾಗೇ ಬಂದ ನಿರಾಶ್ರಿತರು. ನಾಜಿ ಮೇಜರ್ ಪಾತ್ರ ಮಾಡಿದ ಕಾನ್ರಾಡ್ ವೈಟ್ ಕೂಡ ಯಹೂದಿ ಹೆಂಡತಿಯ ಜೊತೆ ಜರ್ಮನಿ ತೊರೆದವರು. ಸೆಟ್ ಸುಳ್ಳು, ವಿಮಾನ ರಟ್ಟು, ಕಣ್ಣೀರು ಮಾತ್ರ ಅವರವರ ಮನೆಯದು.

ಲೆಕ್ಕಾಚಾರದ ಮಾತು ಬಂದಾಗ ನಿರ್ದೇಶಕ ಡಗ್ಲಸ್ ಸರ್ಕ್ ಹೆಸರು ಹೇಳಲೇಬೇಕು. ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಈತ 1937ರಲ್ಲಿ ಜರ್ಮನಿ ಬಿಟ್ಟರು. ಎರಡನೇ ಹೆಂಡತಿ ಯಹೂದಿ. ಮೊದಲ ಹೆಂಡತಿ ನಾಜಿ ಪಕ್ಷ ಸೇರಿ, ಮಗನನ್ನು ಭೇಟಿಯಾಗಲು ಬಿಡಲಿಲ್ಲ. ಆ ಹುಡುಗ ನಾಜಿ ಕಾಲದ ಬಾಲನಟನಾದ. ಅಪ್ಪ ಮಗನನ್ನು ನೋಡುತ್ತಿದ್ದುದು ಸಿನಿಮಾ ಪರದೆಯ ಮೇಲೆ ಮಾತ್ರ. 1944ರಲ್ಲಿ ಮಗ ಯುದ್ಧದಲ್ಲಿ ಸತ್ತ. ಇಂಥ ಮನುಷ್ಯ 1950ರ ದಶಕದಲ್ಲಿ ಯೂನಿವರ್ಸಲ್ ಸ್ಟುಡಿಯೋಗೆ ಹೆಂಗಸರ ಅಳುಬುರುಕ ಚಿತ್ರಗಳು ಅಂತ ಕರೆಸಿಕೊಂಡ ಸಿನಿಮಾಗಳನ್ನು ಮಾಡಿದ. ಆಗಿನ ವಿಮರ್ಶಕರು ಮೂಗು ಮುರಿದರು. 1970ರ ದಶಕದಲ್ಲಿ ಅದೇ ಚಿತ್ರಗಳನ್ನು ಮತ್ತೆ ನೋಡಿ ಬೆರಗಾದರು. ಜರ್ಮನಿಯ ಫಾಸ್‌ಬಿಂಡರ್ 1974ರಲ್ಲಿ, ಅಮೆರಿಕದ ಟಾಡ್ ಹೇನ್ಸ್ 2002ರಲ್ಲಿ ಆತನ ಕಥೆಗಳ ದಾರಿ ಹಿಡಿದೇ ತಮ್ಮ ಚಿತ್ರ ಕಟ್ಟಿದರು.

ಸರ್ಕ್‌ರ ‘ಆಲ್ ದಟ್ ಹೆವನ್ ಅಲೌಸ್’ 1955ರದು. ಕ್ಯಾರಿ ಎಂಬ ವಿಧವೆ, ದೊಡ್ಡ ಮನೆ, ಬೆಳೆದ ಮಗ, ಮಗಳು. ತೋಟ ನೋಡಿಕೊಳ್ಳುವ ಕಿರಿಯ ವಯಸ್ಸಿನ ರಾನ್ ಮೇಲೆ ಪ್ರೀತಿಯಾಗುತ್ತದೆ. ಊರು ಆಡಿಕೊಳ್ಳುತ್ತದೆ, ಮಕ್ಕಳು ಸಿಡಿಮಿಡಿಗೊಳ್ಳುತ್ತಾರೆ. ಮಕ್ಕಳಿಗೋಸ್ಕರ ಅವಳು ಅವನನ್ನು ಬಿಡುತ್ತಾಳೆ. ಕ್ರಿಸ್‌ಮಸ್ ಬರುತ್ತದೆ. ಮಗಳಿಗೆ ಮದುವೆ ಗೊತ್ತಾಗಿದೆ, ಮಗ ಪರದೇಶಕ್ಕೆ ಹೊರಟಿದ್ದಾನೆ, ಮನೆ ಮಾರಿಬಿಡೋಣ ಅನ್ನುತ್ತಾನೆ. ಅವಳ ತ್ಯಾಗ ಯಾರಿಗೂ ಬೇಕಿರಲಿಲ್ಲ ಅನ್ನುವುದು ಆಗ ಗೊತ್ತಾಗುತ್ತದೆ. ಅದೇ ಹೊತ್ತಿಗೆ ಮಕ್ಕಳ ಉಡುಗೊರೆ ಬಾಗಿಲಿಗೆ ಬರುತ್ತದೆ: ರಿಬ್ಬನ್ ಕಟ್ಟಿದ ಟಿವಿ ಸೆಟ್. ಗುಂಡಿ ತಿರುಗಿಸಿದರೆ ಸಾಕು, ಬೇಕಾದಷ್ಟು ಜನರ ಸಹವಾಸ ಸಿಗುತ್ತದೆ ಅಂತ ಮಾರಾಟಗಾರ ವರ್ಣಿಸುತ್ತಾನೆ. ಕ್ಯಾಮೆರಾ ನಿಧಾನವಾಗಿ ಟಿವಿಯತ್ತ ಹೋಗುತ್ತದೆ. ಇನ್ನೂ ಆನ್ ಮಾಡದ ಆ ಗಾಜಿನಲ್ಲಿ ಕಾಣುವುದು ಅವಳದೇ ಮುಖ, ಒಬ್ಬಳೇ ಕೂತಿದ್ದಾಳೆ. ಅವಳು ಒಂದು ಮಾತಾಡುವುದಿಲ್ಲ. ನನ್ನ ತರಗತಿಗಳಲ್ಲಿ ಈ ದೃಶ್ಯಕ್ಕೆ ಮಾತ್ರ ಯಾರೂ ನಕ್ಕಿದ್ದು ನಾನು ಕಂಡಿಲ್ಲ. ಮಕ್ಕಳು ಹೊರದೇಶದಲ್ಲಿರುವ ಮನೆಗಳು ನಮ್ಮಲ್ಲೂ ಎಷ್ಟಿವೆ ಅಲ್ವಾ? ಇಲ್ಲಿ ಯಾರೂ ಅಡ್ಡಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೊಸೆಯ ಎರಡನೇ ಮಾತು, ನಟರ ಬದುಕೇ ಸುಳ್ಳು ಅನ್ನುವುದು. ರಾನ್ ಪಾತ್ರ ಮಾಡಿದ ರಾಕ್ ಹಡ್ಸನ್ ಸಲಿಂಗಿ. ಅದು ಬಯಲಾದರೆ ಅಲ್ಲಿಗೆ ಅವರ ವೃತ್ತಿ ಮುಗಿಯುತ್ತಿತ್ತು. 1955ರಲ್ಲೇ ತಮ್ಮ ಏಜೆಂಟನ ಕಾರ್ಯದರ್ಶಿಯನ್ನು ಮದುವೆಯಾದರು, ಕೆಲವೇ ವರ್ಷಗಳಲ್ಲಿ ವಿಚ್ಛೇದನವಾಯಿತು. 1985ರಲ್ಲಿ ತಮಗೆ ಏಡ್ಸ್ ಇದೆ ಎಂದು ಜಗತ್ತಿಗೆ ತಿಳಿಸಿ, ಅದೇ ವರ್ಷ ತೀರಿಕೊಂಡರು. ಇದು ತಿಳಿದ ಮೇಲೆ ಕೆಲವರಿಗೆ ಆ ಪ್ರೇಮದೃಶ್ಯಗಳು ಹುಸಿ ಅನ್ನಿಸುತ್ತವೆ. ನನಗೆ ಉಲ್ಟಾ. ಊರಿಗೆ ಹೆದರಿ ಪ್ರೀತಿ ಬಿಡಬೇಡ ಅಂತ ತೆರೆಯ ಮೇಲೆ ಹೇಳುತ್ತಿರುವ ಮನುಷ್ಯ, ತೆರೆಯಾಚೆ ಊರಿಗೆ ಹೆದರಿ ಬದುಕುತ್ತಿದ್ದ. ಇದು ಗೊತ್ತಾದ ಮೇಲೆ ಚಿತ್ರ ಇನ್ನಷ್ಟು ಭಾರವಾಗುತ್ತದೆ.

ಪಾತ್ರವನ್ನೂ ನಟಿಯನ್ನೂ ಒಂದೇ ಅಂದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಬರ್ಗ್‌ಮನ್ ಕಥೆಯೇ ಇದೆ. ಸನ್ಯಾಸಿನಿಯಾಗಿ, ಜೋನ್ ಆಫ್ ಆರ್ಕ್ ಆಗಿ ನಟಿಸಿದ್ದ ಆಕೆಯನ್ನು ಅಮೆರಿಕದ ಜನ ದೇವತೆ ಮಾಡಿ ಕೂರಿಸಿದ್ದರು. ಮದುವೆಯಾಗಿದ್ದ ಆಕೆ ಇಟಲಿಯ ನಿರ್ದೇಶಕ ರೊಸೆಲ್ಲಿನಿಯ ಮಗುವಿಗೆ ತಾಯಿಯಾದಾಗ, 1950ರಲ್ಲಿ, ಸೆನೆಟ್ ಸಭೆಯಲ್ಲೇ ಒಬ್ಬ ಸದಸ್ಯ ಆಕೆಯನ್ನು ಹೀಗಳೆದ. ಕೆಲವು ವರ್ಷ ಹಾಲಿವುಡ್ ಆಕೆಗೆ ದೂರವೇ ಆಯಿತು. 1956ರ ‘ಅನಸ್ತೇಸಿಯಾ’ಕ್ಕೆ ಆಸ್ಕರ್ ಕೊಟ್ಟು ಅದೇ ಜನ ವಾಪಸ್ ಕರೆಸಿಕೊಂಡರು. ಬೋಗಾರ್ಟ್ ಜೊತೆ ಆಕೆಗೆ ಪ್ರೇಮವಿತ್ತಾ ಅಂತ ಈಗಲೂ ಕೇಳುವವರಿದ್ದಾರೆ. ಇರಲಿಲ್ಲ. ಸೆಟ್ಟಿನಾಚೆ ಇಬ್ಬರಿಗೂ ಹೆಚ್ಚು ಮಾತೇ ಇರಲಿಲ್ಲ. ಆಕೆ ಸ್ವಲ್ಪ ಎತ್ತರ, ಹಾಗಾಗಿ ಬೋಗಾರ್ಟ್ ಬೂಟಿನಡಿ ಎತ್ತರದ ಅಟ್ಟೆ ಹಾಕಿಕೊಳ್ಳುತ್ತಿದ್ದರು.

ನಮ್ಮ ನೆಲದ ನಂಟಿರುವ ಎರಡು ಹೆಸರುಗಳನ್ನೂ ಹೇಳುತ್ತೇನೆ. ‘ಗಾನ್ ವಿತ್ ದ ವಿಂಡ್’ನ ನಾಯಕಿ ವಿವಿಯನ್ ಲೀ ಹುಟ್ಟಿದ್ದು ಡಾರ್ಜಿಲಿಂಗ್‌ನಲ್ಲಿ, 1913ರಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಅವರಪ್ಪ ಅಶ್ವದಳದ ಅಧಿಕಾರಿಯಾಗಿ ಬೆಂಗಳೂರಿನಲ್ಲಿದ್ದರು, ತಾಯಿ ಮಗಳು ಊಟಿಯಲ್ಲಿದ್ದರು. ಇನ್ನೊಬ್ಬರು ಮರ್ಲ್ ಓಬೆರಾನ್. 1939ರ ‘ವುದರಿಂಗ್ ಹೈಟ್ಸ್’ನ ಕ್ಯಾಥಿ. ಮುಂಬೈಯಲ್ಲಿ ಹುಟ್ಟಿದ ಆಂಗ್ಲೋ ಇಂಡಿಯನ್. ಕಂದುಮೈಯ ನಟಿಗೆ ನಾಯಕಿ ಪಾತ್ರ ಸಿಗದ ಕಾಲ ಅದು. ತಾನು ಟಾಸ್ಮೇನಿಯಾದಲ್ಲಿ ಹುಟ್ಟಿದವಳು ಅಂತ ಹೇಳಿಕೊಂಡು ಬಂದರು. 1979ರಲ್ಲಿ ಸಾಯುವವರೆಗೂ ಗುಟ್ಟು ಬಿಡಲಿಲ್ಲ, ಸತ್ಯ ಬಯಲಾದದ್ದು ಆಮೇಲೆ. ಸೊಸೆ ಇದನ್ನು ಸುಳ್ಳು ಅನ್ನಬಹುದು. ಆ ಸುಳ್ಳನ್ನು ಬೇಕು ಅಂದವರು ಯಾರು, ಅದರ ಬಡ್ಡಿ ಕಟ್ಟಿದವರು ಯಾರು ಅಂತಲೂ ಕೇಳಬೇಕು.

ಮೈಬಣ್ಣದ ಆಕ್ಷೇಪಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ಸೊಸೆ ಹೇಳಿದ್ದು ಪೂರ್ತಿ ಸರಿ. ‘ಗಾನ್ ವಿತ್ ದ ವಿಂಡ್’ ಗುಲಾಮಗಿರಿಯನ್ನು ಸುಖಸಂಸಾರದಂತೆ ತೋರಿಸುತ್ತದೆ. ಅದರಲ್ಲಿ ನಟಿಸಿದ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ. 1939ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ಆಕೆ ಹೋಗುವಂತಿರಲಿಲ್ಲ. ಪ್ರಶಸ್ತಿಯ ರಾತ್ರಿ ಸಹನಟರ ಜೊತೆ ಕೂರಿಸದೆ ಆಕೆಗೆ ಬೇರೆಯೇ ಟೇಬಲ್ ಹಾಕಿದ್ದರು. 2020ರಲ್ಲಿ ಒಂದು ಓಟಿಟಿ ಈ ಚಿತ್ರವನ್ನು ಕೆಲ ದಿನ ತೆಗೆದು, ಮುಂದೆ ಒಂದು ವಿವರಣೆ ಸೇರಿಸಿ ಮತ್ತೆ ಹಾಕಿತು. ಅದು ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ನಾಯಕಿ ಸ್ಕಾರ್ಲೆಟ್‌ಳ ಹಟ ನಿಮಗೆ ಇಷ್ಟವಾಗಿರಬಹುದು, ನನಗೂ ಇಷ್ಟವೇ. ಹಾಗಂತ ಉಳಿದದ್ದನ್ನು ನೋಡಿಯೂ ನೋಡದ ಹಾಗೆ ಇರುವುದು ಆಗದು.

ಇನ್ನೊಂದು ಅನುಮಾನವನ್ನು ನೀವು ಕೇಳಿಲ್ಲ, ಬೇರೆಯವರು ಕೇಳುತ್ತಾರೆ: ಇಂಥ ಚಿತ್ರಗಳಿಂದ ಚಿಕ್ಕವರಲ್ಲಿ ಪ್ರೇಮದ ಬಗ್ಗೆ ಹುಚ್ಚು ಕಲ್ಪನೆ ಬೆಳೆಯಲ್ವಾ? ಹೆಸರಾದ ಚಿತ್ರಗಳನ್ನೇ ಎಣಿಸಿ. ‘ಕಾಸಾಬ್ಲಾಂಕಾ’, ‘ರೋಮನ್ ಹಾಲಿಡೇ’, ‘ನೌ ವಾಯೇಜರ್’, ‘ವಾಟರ್ಲೂ ಬ್ರಿಜ್’, ‘ಗಾನ್ ವಿತ್ ದ ವಿಂಡ್’. ಒಂದರಲ್ಲೂ ಕೊನೆಗೆ ಜೋಡಿ ಒಂದಾಗುವುದಿಲ್ಲ. ಸುಖಾಂತ್ಯದ ಆಪಾದನೆ ಇವುಗಳ ಮೇಲೆ ಹೇಗೆ ಬಂತೋ ಗೊತ್ತಿಲ್ಲ.

ಈಗ ನಿಮ್ಮ ಭಾನುವಾರಗಳಿಗೆ ಬರೋಣ.

ಮುಂದಿನ ತಿಂಗಳಿಗೆ 1953ರ ‘ರೋಮನ್ ಹಾಲಿಡೇ’ ಹಾಕಿ. ರಾಜಕುಮಾರಿಗೆ ಅವಳ ಅಡ್ಡಿ ಏನು ಅನ್ನುವುದು ಐದು ವರ್ಷದ ಮಗುವಿಗೂ ಗೊತ್ತಾಗುತ್ತದೆ. ಮುಕ್ಕಾಲು ಭಾಗ ನಗುವೇ, ಹಾಗಾಗಿ ಹಿಂದಿನ ಸಾಲಿನವರು ಸಿನಿಮಾದ ಜೊತೆಗೇ ನಗುತ್ತಾರೆ. ಕೊನೆಯಲ್ಲಿ ಗ್ರೆಗರಿ ಪೆಕ್ ಆ ದೊಡ್ಡ ಹಜಾರದಲ್ಲಿ ಒಬ್ಬರೇ ನಡೆದು ಬರುವಾಗ ಅವರನ್ನು ಗಮನಿಸಿ. ಇದರ ಅಪಾಯ ಒಂದೇ: ಇಡೀ ಜಾತಿಯ ಚಿತ್ರಗಳೆಲ್ಲ ಹೀಗೇ ಹಗುರ ಅಂದುಕೊಂಡುಬಿಡುತ್ತಾರೆ. ಅದರ ಕಥೆ ಬರೆದ ಡಾಲ್ಟನ್ ಟ್ರಂಬೊ ಕಮ್ಯುನಿಸ್ಟ್ ಎಂಬ ಕಾರಣಕ್ಕೆ ಹಾಲಿವುಡ್ ಕೆಲಸ ಕೊಡದವರ ಕಪ್ಪುಪಟ್ಟಿಯಲ್ಲಿದ್ದರು. ಆಸ್ಕರ್ ಬೇರೆಯವರ ಹೆಸರಿಗೆ ಹೋಯಿತು. ಅವರ ಪಾಲಿನ ಪ್ರಶಸ್ತಿ ಹೆಂಡತಿಯ ಕೈಸೇರಿದ್ದು 1993ರಲ್ಲಿ, ಅವರು ಸತ್ತ ಮೇಲೆ. ಇಷ್ಟು ಹೇಳಿದರೆ ಹಗುರ ಅನ್ನುವ ಮಾತು ತಾನೇ ನಿಲ್ಲುತ್ತದೆ.

ಆಮೇಲೆ ‘ಆಲ್ ದಟ್ ಹೆವನ್ ಅಲೌಸ್’. ಬರೀ 89 ನಿಮಿಷ. ಇಲ್ಲಿ ಅಪಾಯ ಜಾಸ್ತಿ. ಬಣ್ಣಗಳು ಕಣ್ಣಿಗೆ ಹೊಡೆಯುತ್ತವೆ. ಮಗಳು ಅಳುವಾಗ ಕಿಟಕಿಯ ಗಾಜಿನಿಂದ ಕಾಮನಬಿಲ್ಲಿನ ಬೆಳಕು ಅವಳ ಮುಖಕ್ಕೆ ಬೀಳುತ್ತದೆ, ಕೊನೆಗೊಂದು ಜಿಂಕೆಯೂ ಬರುತ್ತದೆ. ಎಚ್ಚರಿಸದೆ ತೋರಿಸಿದರೆ ಹಾಲ್ ತುಂಬಾ ನಗು ಗ್ಯಾರಂಟಿ. ಶುರುವಿಗೆ ಮುಂಚೆ ಎರಡೇ ನಿಮಿಷ ಮಾತಾಡಿ. ಆ ಊರಿನಲ್ಲಿ ಆ ಹೆಂಗಸು ಏನನ್ನೆಲ್ಲ ಕಳೆದುಕೊಳ್ಳಬೇಕಾಗುತ್ತದೆ ಅಂತ ಹೇಳಿ, ಬಣ್ಣಗಳ ಮೇಲೆ ಕಣ್ಣಿಡಿ ಅನ್ನಿ. ಹಡ್ಸನ್ ಬದುಕಿನ ಕಥೆಯನ್ನು ಮಾತ್ರ ಸಿನಿಮಾ ಮುಗಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಎಲ್ಲರೂ ಪಾತ್ರ ಬಿಟ್ಟು ನಟನನ್ನೇ ಹುಡುಕುತ್ತಾ ಕೂರುತ್ತಾರೆ.

ನಿಮ್ಮ ವಯಸ್ಸಿನವರು ‘ಆನ್ ಅಫೇರ್ ಟು ರಿಮೆಂಬರ್’ ಕೇಳಬಹುದು. ನಾನು ಅವಸರ ಮಾಡುವುದಿಲ್ಲ. ಮಧ್ಯೆ ಮಕ್ಕಳ ಹಾಡುಗಳಲ್ಲಿ ಚಿತ್ರ ಕುಂಟುತ್ತದೆ. ನಡೆಯಲಾಗದವಳು ಪ್ರಿಯಕರನಿಗೆ ಮುಖ ತೋರಿಸಬಾರದು ಅನ್ನುವ ನಿಲುವು ಇವತ್ತು ಚುಚ್ಚುತ್ತದೆ. ಆಮಿರ್ ಖಾನ್ ನಟಿಸಿದ ‘ಮನ್’ ಇದರದ್ದೇ ಹಿಂದಿ ರೂಪ, ಹೋಲಿಸಿ ಮಾತಾಡಲು ಬೇಕಾದರೆ ಇಟ್ಟುಕೊಳ್ಳಿ. ಇನ್ನೂ ಒಳ್ಳೆಯ ಜೋಡಿ ಬೇಕೆಂದರೆ ಒಲಿವಿಯಾ ಡಿ ಹ್ಯಾವಿಲೆಂಡ್ ನಟಿಸಿದ 1946ರ ‘ಟು ಈಚ್ ಹಿಸ್ ಓನ್’ ಇದೆ. ‘ಆರಾಧನಾ’ದ ಕಥೆ ಅಲ್ಲಿಂದಲೇ ಬಂದದ್ದು. ನಿಮ್ಮ ಸಂಘದ ಹಿರಿಯರು ಕೂತಲ್ಲೇ ಗುರುತು ಹಿಡಿಯುತ್ತಾರೆ. ‘ಗಾನ್ ವಿತ್ ದ ವಿಂಡ್’ ಬೇಡ. ನಾಲ್ಕು ಗಂಟೆಯ ಹತ್ತಿರ ಹತ್ತಿರ ಇದೆ, ಆಮೇಲೆ ಅದರ ಬಗ್ಗೆ ಮಾತಾಡಲು ಯಾರಿಗೂ ತ್ರಾಣ ಇರುವುದಿಲ್ಲ. ಮಾತಾಡದೆ ಎದ್ದುಹೋಗುವ ಹಾಗಿದ್ದರೆ ಅದನ್ನು ತೋರಿಸಲೇಬಾರದು.

ಸೊಸೆಯ ಪ್ರಶ್ನೆಗೆ ಸಿನಿಮಾದಿಂದಲೇ ಉತ್ತರ ಬೇಕಾದರೆ ಸರ್ಕ್‌ರ ಕೊನೆಯ ಹಾಲಿವುಡ್ ಚಿತ್ರ, 1959ರ ‘ಇಮಿಟೇಶನ್ ಆಫ್ ಲೈಫ್’ ಇದೆ. ಲಾನಾ ಟರ್ನರ್ ನಾಯಕಿ. ಎದೆಗೆ ನಾಟುವುದು ಮಾತ್ರ ಅವರ ಮನೆಗೆಲಸದ ಕಪ್ಪು ಹೆಂಗಸು ಆನಿ ಮತ್ತು ಬಿಳಿಯಳಂತೆ ಕಾಣುವ ಅವಳ ಮಗಳ ಕಥೆ. ಮಗಳು ತಾಯಿಯನ್ನು ತೊರೆದು, ಹೆಸರು ಬದಲಿಸಿ, ಬಿಳಿಯಳೆಂದೇ ಬದುಕುತ್ತಾಳೆ. ಕಾಯಿಲೆಯ ತಾಯಿ ಕೊನೆಯ ಸಲ ನೋಡಲು ಬಂದಿರುವಾಗ ಮಗಳ ಗೆಳತಿ ಒಳಗೆ ಬರುತ್ತಾಳೆ. ತಾಯಿ ತಾನಾಗಿಯೇ, ನಾನು ಇವಳನ್ನು ನೋಡಿಕೊಳ್ಳುತ್ತಿದ್ದ ಆಳು ಅನ್ನುತ್ತಾಳೆ. ಓಹೋ, ನಿನಗೆ ಆಯಾ ಇದ್ದಳಾ ಅಂತ ಗೆಳತಿ ತಮಾಷೆ ಮಾಡಿದರೆ, ಬಾಗಿಲಿಗೆ ಒರಗಿದ ಮಗಳು, ಹೌದು, ಹುಟ್ಟಿದಾಗಿನಿಂದ ಅನ್ನುತ್ತಾಳೆ. ತಾಯಿಯಾಗಿ ವಾನಿಟಾ ಮೂರ್, ಮಗಳಾಗಿ ಸೂಸನ್ ಕೋನರ್, ಇಬ್ಬರೂ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಚಿತ್ರದಲ್ಲಿ ದೋಷಗಳಿಲ್ಲ ಅಂತಲ್ಲ. ಆನಿ ಅತಿ ಸಾಧ್ವಿ, ಮಗಳ ಪಾತ್ರಕ್ಕೆ ಕಪ್ಪು ನಟಿಯನ್ನೂ ಹಾಕಿಲ್ಲ. ಕೋನರ್ ಅವರ ತಾಯಿ ಮೆಕ್ಸಿಕೋದ ನಟಿ, ತಂದೆ ಯುರೋಪಿನ ಯಹೂದಿ. 1934ರ ಮೊದಲ ಆವೃತ್ತಿಯಲ್ಲಿ ಕಪ್ಪು ನಟಿ ಫ್ರೆಡಿ ವಾಷಿಂಗ್‌ಟನ್ ಆ ಪಾತ್ರ ಮಾಡಿದ್ದರು. ಸೊಸೆ ಇದನ್ನೆಲ್ಲ ಎತ್ತಿ ವಾದ ಮಾಡಲಿ, ಮೈಕನ್ನು ಅವರ ಕೈಗೇ ಕೊಡಿ.

ಕೊನೆಗೆ ಎರಡು ವ್ಯವಹಾರದ ಮಾತು. ಮನೆಯ ಓಟಿಟಿ ಖಾತೆಗಳು ಸಾಮಾನ್ಯವಾಗಿ ಮನೆಯ ಬಳಕೆಗೆ ಮಾತ್ರ, ಸಂಘದ ಹಾಲ್‌ನಲ್ಲಿ ತೋರಿಸುವ ಮುಂಚೆ ಅವರ ಷರತ್ತು ಓದಿಕೊಳ್ಳಿ. ‘ಇಮಿಟೇಶನ್ ಆಫ್ ಲೈಫ್’ ಎರಡು ಗಂಟೆ ಮೀರುತ್ತದೆ. ಸಂಜೆ ಐದಕ್ಕೇ ಶುರು ಮಾಡಿ, ಕಾಫಿಯನ್ನು ಮೊದಲೇ ಕೊಟ್ಟುಬಿಡಿ. ಮಧ್ಯೆ ಇಂಟರ್ವಲ್ ಬೇಡ. ಕೊನೆಯಲ್ಲಿ, ಚರ್ಚಿನ ಅಂತ್ಯಕ್ರಿಯೆಯಲ್ಲಿ ಗಾಯಕಿ ಮಹೇಲಿಯಾ ಜಾಕ್ಸನ್ ಹಾಡುವಾಗ ಸೌಂಡ್ ತಗ್ಗಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.